ಎರಡು ಕಾಡಿನ ಅಪ್ಪಣೆ

ಕಣ್ಣೂ ನೆನಪೂ ಹೋಗಿದ್ದ ಮುದಿ ಕಾಡೆಮ್ಮೆಯನ್ನು ಅದರ ತಂಗಿಯ ಮಗಳು ನೋಡಿಕೊಳ್ಳುತ್ತಿತ್ತು. ಹೊಳೆಯಾಚೆಯ ಕಾಡನ್ನಾಳುವ ಆನೆ, “ಇವಳು ನಮ್ಮಲ್ಲಿ ಹುಟ್ಟಿದವಳು, ಇಲ್ಲಿ ತನ್ನ ಅಣ್ಣನ ಮಗನ ಬಳಿ ಇರಲಿ” ಎಂದಿತು. ಈಚೆಯ ದೊರೆ ಕರಡಿ, “ನಮ್ಮಲ್ಲೇ ಇರಲಿ” ಎಂದಿತು. ಅಪ್ಪಣೆ ಬಂದಾಗಲೆಲ್ಲ ಮುದುಕಿ ಹೊಳೆ ದಾಟಬೇಕಾಯಿತು. ಏಳನೆಯ ಸಲ ನಡುನೀರಿನಲ್ಲಿ ಮುಳುಗತೊಡಗಿತು. ಮಗಳು ಹೇಗೋ ಈಚೆ ದಡಕ್ಕೆ ತಂದು ಕೂಗಿತು: “ದೊರೆಗಳೇ, ನನಗೆ ಒಪ್ಪಿಸದಿದ್ದರೂ ಸರಿ, ನೀವಿಬ್ಬರು ಒಮ್ಮೆ ಕೂತು ಮಾತಾಡಿ.”

ಅಂದೇ ಮೊದಲ ಬಾರಿಗೆ ಅವರು ಎದುರುಬದುರಾದರು.

“ಇವಳ ವಾಸ ಎಲ್ಲಿ?” ಆನೆ ಕೇಳಿತು.

“ಹತ್ತು ವರ್ಷದಿಂದ ಈಚೆ ದಡದಲ್ಲಿ” ಎಂದಿತು ಕರಡಿ.

“ಹಾಗಾದರೆ ತೀರ್ಪು ನಿನ್ನದೇ” ಎಂದಿತು ಆನೆ. ಕರಡಿ ಮುದುಕಿಯನ್ನು ಮಗಳಿಗೇ ಒಪ್ಪಿಸಿತು.

ಮಗಳಿಗೆ ಸಂತೋಷಪಡುವಷ್ಟೂ ತ್ರಾಣವಿರಲಿಲ್ಲ.

“ಈಗ ಯಾವ ದಡಕ್ಕೆ, ಮಗಳೇ?” ಮುದುಕಿ ಕೇಳಿತು.

“ಎಲ್ಲಿಗೂ ಇಲ್ಲ ದೊಡ್ಡಮ್ಮ, ಮಲಗು.”