ಗೊಟ್ಟದ ಗುಡ್ಡ

ಅದು ಕತ್ತಿ ಅಲ್ಲ ಮಾರಾಯ್ರೆ, ಗೊಟ್ಟ. ದನಕ್ಕೆ ಮದ್ದು ಕುಡಿಸುವ ಬಿದಿರಿನ ಕೊಳವೆ. ಕಲ್ಲಳಿವೆಗೆ ಬಂದವರೆಲ್ಲ ಗುಡ್ಡದ ಗವಿಯೊಳಗೆ ಟಾರ್ಚು ಬಿಟ್ಟು, ಇವನು ಯಾಕೆ ಎತ್ತನ್ನು ಕೊಲ್ಲುತ್ತಿದ್ದಾನೆ ಎಂದೇ ಕೇಳುತ್ತಾರೆ. ಊರಿನವರಿಗೆ ಹೇಳಿ ಹೇಳಿ ಸಾಕಾಗಿದೆ. ಹೊಳೆ ಸಮುದ್ರ ಸೇರುವಲ್ಲಿ, ಗೇರು ಮರಗಳ ನಡುವೆ ಎದ್ದ ಬೋಳು ಗುಡ್ಡ ಅದು. ಗವಿಯ ಗೋಡೆಯ ಕೆತ್ತನೆಯಲ್ಲಿ ಚೂಪು ಟೊಪ್ಪಿಯವನೊಬ್ಬ ಎತ್ತಿನ ಬೆನ್ನಿಗೆ ಮಂಡಿಯೂರಿ, ಮೂಗಿನ ಹೊಳ್ಳೆಗೆ ಬೆರಳು ಹಾಕಿ ಅದರ ತಲೆಯೆತ್ತಿ, ಇನ್ನೊಂದು ಕೈಯಲ್ಲಿ ಗೊಟ್ಟ ಹಿಡಿದಿದ್ದಾನೆ. ಮುಖ ಮಾತ್ರ ಆ ಕಡೆ.

ಹಿಂದೆ ಒಮ್ಮೆ, ಯವನರ ಹಡಗುಗಳು ಮೆಣಸಿಗಾಗಿ ಈ ಕರಾವಳಿಗೆ ಬರುತ್ತಿದ್ದಾಗ, ರೋಮಿನ ಕಡೆಯ ಲೂಕಿಯನೆಂಬ ನಾವಿಕ ಇಲ್ಲಿ ಇಳಿದನಂತೆ. ಬಿರುಗಾಳಿಯಲ್ಲಿ ಬದುಕಿ ಉಳಿದದ್ದಕ್ಕೆ ತನ್ನ ದೇವರಾದ ಮಿತ್ರನನ್ನು ಗವಿಯಲ್ಲಿ ಕೆತ್ತಿಸುವ ಹರಕೆ ಅವನದು. ಊರಿನಲ್ಲಿದ್ದ ಕಲ್ಲುಕುಟಿಗ ದಾಸೋಜನೊಬ್ಬನೇ. ಅವನು ಕೆತ್ತಿದ ಆನೆ ಸೊಂಡಿಲು ಮುರಿದು ಹಂದಿಯಾಗಿತ್ತು, ಸಿಂಹ ಬೆಕ್ಕಾಗಿತ್ತು. ಊರವರು ಬೆಕ್ಕಿಗೂ ದಿನಾ ಹೂವಿಡುತ್ತಿದ್ದರು, ಅದು ಬೇರೆ ಮಾತು. ಆದರೆ ಇನ್ನೊಂದು ಕಲ್ಲು ಕೆಟ್ಟರೆ ಉಳಿ ಕೆಳಗಿಟ್ಟು ಉಪ್ಪಿನಾಗರದ ಕೆಲಸಕ್ಕೆ ಹೋಗತಕ್ಕದ್ದು ಎಂದು ಹಿರಿಯರು ಹೇಳಿಬಿಟ್ಟಿದ್ದರು. ಉಳಿ ಬಿಟ್ಟರೆ ದಾಸೋಜನಿಗೆ ಬೇರೆ ಏನೂ ಬೇಡವಾಗಿತ್ತು.

ಲೂಕಿಯ ಚಿತ್ರ ಮೂಡಿಸಿದ ಅಂಗೈಯಗಲದ ಮಣ್ಣಿನ ಹಲಗೆಯೊಂದನ್ನು ಕೊಟ್ಟು, ಹೀಗೇ ಕೆತ್ತು ಎಂದ. ಹಡಗಿನಲ್ಲಿ ಉರುಳಾಡಿ ದೇವರ ಕೈಯಲ್ಲಿದ್ದದ್ದು ಒಡೆದು ಹೋಗಿತ್ತು.

“ಇವನು ಯಾರು?”

“ಹೊರಗಿನವರಿಗೆ ಹೇಳುವ ಹಾಗಿಲ್ಲ.”

“ಎತ್ತಿಗೆ ಏನಾಗಿದೆ?”

“ಅದನ್ನಂತೂ ಹೇಳುವ ಹಾಗೇ ಇಲ್ಲ.”

ತನ್ನ ದೇಶಕ್ಕೆ ಮರಳುವ ಗಾಳಿ ಬೀಸುವಾಗ ಬರುತ್ತೇನೆಂದು ಹೇಳಿ ಅವನು ಮೆಣಸು ತುಂಬಿಸಲು ದಕ್ಷಿಣಕ್ಕೆ ಹೋದ. ದಾಸೋಜ ಹಲಗೆಯನ್ನು ಮೂರು ದಿನ ತಿರುಗಿಸಿ ನೋಡಿದನೆನ್ನುತ್ತಾರೆ. ಎತ್ತಿನ ಹೊಟ್ಟೆಯಡಿ ಚೇಳು. ಹಾಗಾದರೆ ಕಚ್ಚಿದೆ. ಹೊಳ್ಳೆ ಹಿಡಿದು ತಲೆ ಎತ್ತಿದ್ದಾನೆ. ಹಾಗಾದರೆ ಮದ್ದು. ಮುಖ ತಿರುಗಿಸಿದ್ದಾನೆ. ಎತ್ತು ಸೀನುತ್ತದಲ್ಲ, ಮೊದಲ ಸಲ ಮದ್ದು ಕುಡಿಸುವವನು ಮಾತ್ರ ಮುಖ ತಿರುಗಿಸುವುದಿಲ್ಲ. ಬಾಲದ ತುದಿಯಲ್ಲಿ ತೆನೆ. ಹುಷಾರಾದ ಎತ್ತು ಗದ್ದೆ ಉತ್ತರೆ ತೆನೆ ಬರದೆ ಇರುತ್ತದಾ. ಹೀಗೆ ಎಲ್ಲವೂ ಸರಿಹೊಂದಿದ್ದರಿಂದ, ಖಾಲಿ ಕೈಗೆ ಗೊಟ್ಟ ಕೊಟ್ಟು ಕೆತ್ತಿ ಮುಗಿಸಿದ.

ಲೂಕಿಯ ಬಂದವನೇ ದೀಪ ಎತ್ತಿ ನೋಡಿದ. ದೇವರ ಕೈಯ ಹತ್ತಿರ ಬಂದಾಗ ದೀಪ ನಿಂತಿತು. ದಾಸೋಜನಿಗೆ ಆಗಲೇ ಬಾಯಿ ಉಪ್ಪುಪ್ಪಾಗತೊಡಗಿತ್ತು.

“ಕೈಯಲ್ಲಿ ಕತ್ತಿ ಇರಬೇಕಿತ್ತು,” ಎಂದ ಲೂಕಿಯ.

“ಕತ್ತಿ ಯಾಕೆ ಒಡೆಯರೇ? ಚೇಳು ಕಚ್ಚಿದ ಪಾಪದ ಎತ್ತು. ಮದ್ದು ಹಾಕುತ್ತಿದ್ದಾನೆ.”

“ಬದುಕುತ್ತದಾ?”

“ಬದುಕಿದ್ದೂ ಆಯಿತು. ಬಾಲದಲ್ಲಿ ಭತ್ತದ ತೆನೆ ನೋಡಿ.”

“ನಮ್ಮಲ್ಲಿ ಅದು ಸತ್ತ ಮೇಲೆ ತೆನೆ ಬರುತ್ತದೆ,” ಎಂದುಬಿಟ್ಟ ಲೂಕಿಯ, ಆಮೇಲೆ ನಾಲಿಗೆ ಕಚ್ಚಿಕೊಂಡ. ಗುಟ್ಟು ಜಾರಿತ್ತು. ಗುಟ್ಟು ಕೇಳಿದವನನ್ನು ಹೊರಗಿನವನಾಗಿ ಬಿಡುವಂತಿರಲಿಲ್ಲ. ಬೇರೆ ದಾರಿ ಕಾಣದೆ ಅವನು ದಾಸೋಜನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ಪಂಗಡದವರಷ್ಟೇ ಉಣ್ಣುವ ಊಟ ಬಡಿಸಿದ. ಉಣ್ಣುತ್ತ ಉಣ್ಣುತ್ತ ಗೋಡೆ ನೋಡಿ, “ಅಷ್ಟು ದೊಡ್ಡ ಗಾಳಿಯಲ್ಲಿ ನನ್ನನ್ನೇ ಉಳಿಸಿದವನು, ಎತ್ತನ್ನು ಉಳಿಸಿದರೆ ತಪ್ಪೇನು. ಇರಲಿ ಬಿಡು,” ಎಂದನಂತೆ. ಉಳಿ ದಾಸೋಜನ ಕೈಯಲ್ಲೇ ಉಳಿಯಿತು.

ಇವತ್ತಿಗೂ ಸುತ್ತಲಿನವರು ಮೇವು ಬಿಟ್ಟ ದನವನ್ನು ಗವಿಯ ಬಾಯಿಗೆ ಹಿಡಿದುಕೊಂಡು ಹೋಗಿ ಅಲ್ಲೇ ಕಷಾಯ ಕುಡಿಸುತ್ತಾರೆ. ಬಂದವರು ಗಮನಿಸದ ಇನ್ನೊಂದಿದೆ: ಎತ್ತಿನ ಕೊಂಬಿನ ಬಳಿ, ಆಮೇಲೆ ಇಕ್ಕಟ್ಟಿನಲ್ಲಿ ಸೇರಿಸಿದ ಹಾಗೆ, ಸೆರಗು ಸಿಕ್ಕಿಸಿ ನಿಂತ ಒಬ್ಬ ಹೆಂಗಸು. ಹಲಗೆಯಲ್ಲಿ ಅವಳಿರಲಿಲ್ಲ. ಕೆತ್ತನೆ ನೋಡಿಕೊಂಡು ಮನೆಗೆ ಬಂದ ದಾಸೋಜನ ಹೆಂಡತಿ ಚಂದವ್ವೆ ಗಂಡನಿಗೆ ಬಡಿಸುತ್ತ ಹೇಳಿದ್ದು ಇಷ್ಟೇ ಎನ್ನುತ್ತಾರೆ:

“ಮದ್ದು ಹೊಯ್ಯುವವನು ಚೆನ್ನಾಗಿ ಬಂದಿದ್ದಾನೆ. ಕೊಂಬು ಹಿಡಿದವಳು ಎಲ್ಲಿ?”