ತಣ್ಣೀರಿಗೆ ಹೆದರಿದ ಬಾಯ್ಲರ್

ಬಚ್ಚಲಮನೆಯ ತಾಮ್ರದ ಬಾಯ್ಲರಿಗೆ ನಲ್ಲಿ ಇರಲಿಲ್ಲ. ಮೇಲಿನ ಬಾಯಿಗೆ ತಣ್ಣೀರು ಸುರಿದರೆ ಮಾತ್ರ ಪಕ್ಕದ ಮೂತಿಯಿಂದ ಬಿಸಿನೀರು ಬರುತ್ತಿತ್ತು. ಬಾಣಂತಿಗೆ ಎರೆಯಲೆಂದು ಚೆಲುವಾಂಬಮ್ಮ ತಣ್ಣೀರಿನ ಚೊಂಬು ಎತ್ತಿದರು.

"ಬರಬೇಡ! ನೀನು ಬಿದ್ದರೆ ನನ್ನ ಕಾವೆಲ್ಲ ಹೋಗಿಬಿಡುತ್ತದೆ," ಎಂದು ಕುದಿಯುತ್ತಿದ್ದ ಬಾಯ್ಲರ್ ಗಾಬರಿಯಿಂದ ಕೂಗಿತು.

"ನಾನು ಒಳಗೆ ಬಂದು ಒತ್ತದಿದ್ದರೆ ನಿನ್ನ ನೀರು ಹೊರಗೆ ಬರುವುದು ಹೇಗಣ್ಣ?" ಎಂದಿತು ತಣ್ಣೀರು.

ಬಾಯ್ಲರ್ ಕೇಳಲಿಲ್ಲ. ಹಬೆ ಉಗುಳಿ ಚೆಲುವಾಂಬಮ್ಮನ ಕೈ ಸುಟ್ಟಿತು.

"ಹಾಳಾದ್ದು! ಅಲ್ಲಿ ಬಾಣಂತಿ ನಡುಗುತ್ತಾ ಕೂತಿದ್ದಾಳೆ," ಎಂದು ಅವರು ಚೊಂಬು ಕೆಳಗಿಟ್ಟು, ಬಾಯ್ಲರಿನ ಕೆಂಡವನ್ನೆಲ್ಲ ಹೊರಗೆಳೆದು, ಹಿತ್ತಲಿಗೆ ಒಯ್ದು, ಆ ಕೆಂಡದ ಮೇಲೆ ನೀರಿನ ಹಂಡೆ ಇಟ್ಟರು.

ಸಂಜೆ ಚೊಂಬಿನೊಳಗಿಂದ ತಣ್ಣೀರು ಕೇಳಿತು: "ನಾನು ಒಂದು ತೊಟ್ಟೂ ನಿನ್ನೊಳಗೆ ಬೀಳಲಿಲ್ಲ. ಮತ್ತೆ ನೀನು ಯಾಕಣ್ಣ ಇಷ್ಟು ತಣ್ಣಗಾಗಿದ್ದೀಯ?"