ಅಜ್ಜಾರು ಸುಮ್ಮನಿದ್ದ ಹೊತ್ತು

ಉಸಿರು ಕೊಟ್ಟು, ಆ ಉಸಿರಿನೊಳಗೇ ತನ್ನ ಹೆಸರನ್ನೂ ಇಟ್ಟ ಪರಶಿವನಿಗೆ ಮೊದಲ ಶರಣು. ಆತನ ದಯೆಯಿಂದ ಈ ಸಣ್ಣ ಕಥೆ.

ಮಲಪ್ರಭೆಯ ದಂಡೆಯ ಒಂದು ಆಶ್ರಮದಲ್ಲಿ ಗುರುಸಿದ್ಧಜ್ಜಾರು ಎಂಬ ಹಿರಿಯರಿದ್ದರು. ಶಿವಪ್ರಾರ್ಥನೆಯನ್ನು ಬಾಯಿಪಾಠ ಮಾಡಿಸುವುದೇ ಅವರ ಸೇವೆ. ಅವರು ಒಂದು ಸಾಲು ಹೇಳುವರು. ಕಲಿಯುವವರು ಅದನ್ನು ಎರಡು ಸಲ ತಿರುಗಿ ಹೇಳುವರು. ಆಮೇಲೆ ಮುಂದಿನ ಸಾಲು.

ದೂರದವರೂ ಕಲಿಯಲೆಂದು ಶಿಷ್ಯ ಅಡಿವೆಪ್ಪ ಆ ಪಾಠವನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ ಹಾಕುತ್ತಿದ್ದ. ಎದುರಿಗೆ ಬರೀ ಮೊಬೈಲಿದ್ದರೂ ಅಜ್ಜಾರು ರೂಢಿ ಬಿಡಲಿಲ್ಲ. ಒಂದು ಸಾಲು ಹೇಳಿ ಸುಮ್ಮನಾಗುವರು.

ಅಡಿವೆಪ್ಪನಿಗೆ ಅದು ಸರಿಬರಲಿಲ್ಲ. ಮೌನ ಬಂದಲ್ಲೆಲ್ಲ ಕತ್ತರಿ ಹಾಕಿದ. ಮೂವತ್ತು ನಿಮಿಷದ ಪಾಠ ಹತ್ತಕ್ಕಿಳಿಯಿತು. ನೋಡುವವರು ಸಾವಿರ ದಾಟಿದರು. ಲೈಕಿನ ಮೇಲೆ ಲೈಕು. ಅಡಿವೆಪ್ಪ ಹಿಗ್ಗಿಹೋದ.

ಒಂದು ಮುಂಜಾನೆ ಸಾಂಗ್ಲಿಯಿಂದ ವಾಯ್ಸ್ ಮೆಸೇಜ್ ಬಂತು. ಕಳಿಸಿದವಳು ಪಾರ್ವತೆವ್ವ. ಬಟ್ಟೆ ಹೊಲಿದು ಬದುಕುವವಳು. ಅಕ್ಷರ ಬಾರದು, ಕಿವಿಯೊಂದೇ ಅವಳ ಪಾಟಿ-ಪುಸ್ತಕ.

“ಅಜ್ಜಾರ, ಮೂರು ತಿಂಗಳಾತ್ರಿ. ಒಂದು ನುಡಿ ಸೈತ ಬಾಯಿಗೆ ಬರವಲ್ದು. ಶಿವನ ಹೆಸರು ಹೇಳೂ ಪುಣ್ಯ ನನ್ನ ಹಣ್ಯಾಗ ಬರದಿಲ್ಲ ಕಾಣತೈತಿ. ಇವತ್ತಿಗೆ ಬಿಟ್ಟಬಿಡ್ತೀನ್ರಿ. ಸಿಟ್ಟಾಗಬ್ಯಾಡ್ರಿ.”

“ಪಾಪ, ತಲಿ ಮಂದ ಇರಬೇಕ್ರಿ,” ಎಂದ ಅಡಿವೆಪ್ಪ.

“ಇರಬಹುದು. ಆ ಪಾಠ ನನಗೂ ಒಂದೀಟು ಹಚ್ಚಪಾ,” ಎಂದರು ಅಜ್ಜಾರು.

ಪಾಠ ಶುರುವಾಯಿತು. ಅಜ್ಜಾರು ಕಲಿಯುವವರ ಹಾಗೆ ಕೈಮುಗಿದು ಕೂತು, ಮೊದಲ ಸಾಲನ್ನು ತಿರುಗಿ ಹೇಳತೊಡಗಿದರು. ಅರ್ಧಕ್ಕೇ ಎರಡನೆಯ ಸಾಲು ಮೈಮೇಲೆ ಬಂತು. ಅದನ್ನು ಹಿಡಿಯುವಷ್ಟರಲ್ಲಿ ಮೂರನೆಯದು. ಅಜ್ಜಾರು ತಡವರಿಸಿ ನಿಲ್ಲಿಸಿಬಿಟ್ಟರು.

“ನನ್ನ ತಲೀನೂ ಮಂದ ಆತಲ್ಲೋ ಅಡಿವೆಪ್ಪ! ನಾ ಕಲಿಸಿದ್ದು ನನಗ ಬರವಲ್ದು.”

ಅಜ್ಜಾರು ಮೊಬೈಲಿನತ್ತ ಬೆರಳು ತೋರಿದರು.

“ನನ್ನ ಸಾಲು ಎಲ್ಲಾ ಅದಾವು. ಆಕಿ ಹೇಳೂ ಸಾಲು ಎಲ್ಲಿ ಹೋದುವು?”

“ಅಲ್ಲಿ ಏನೂ ಇರಲಿಲ್ರಿ ಅಜ್ಜಾರ. ನೀವು ಸುಮ್ಮನ ಕುಂತಿದ್ರಿ. ಅದಕ್ಕ ಕತ್ತರಿಸಿದೆ.”

“ಸುಮ್ಮನ ಕುಂತಿರಲಿಲ್ಲೋ ತಮ್ಮಾ. ಕೇಳಾಕತ್ತಿದ್ದೆ.”

ಅಡಿವೆಪ್ಪನಿಗೆ ತನ್ನ ತಪ್ಪು ತಿಳಿಯಿತು. ಮೊಬೈಲಿನಲ್ಲಿ ಜಾಗ ಸಾಲದೆಂದು ಕತ್ತರಿಸುವ ಮೊದಲಿನ ವಿಡಿಯೋಗಳನ್ನೆಲ್ಲ ಅವನು ಅಳಿಸಿಹಾಕಿದ್ದ. ಅಜ್ಜಾರ ಪಾದ ಹಿಡಿದ.

“ಒಂದೂ ಉಳಿಸಿಲ್ರಿ. ಆಕಿ ಶಿವನ ಹೆಸರು ಬಿಟ್ಟ್ರ ಆ ಪಾಪ ನಂದ್ರಿ.”

“ನನ್ನ ಬಾಯಿ ಅಳಿಸಿಲ್ಲಲ್ಲ? ಏಳು. ಮೊಬೈಲ್ ಹಿಡಿ.”

ಅಜ್ಜಾರು ಒಂದು ಸಾಲು ಹೇಳಿ ನಿಲ್ಲಿಸಿದರು. ಹೊಳೆಯ ಸದ್ದಷ್ಟೇ ಕೇಳುತ್ತಿತ್ತು. ಅಡಿವೆಪ್ಪನ ಬೆರಳು ಚಡಪಡಿಸಿತು. ಆ ಮೌನ ತಾಳಲಾರದೆ ಸಾಲನ್ನು ತುಟಿಯಲ್ಲೇ ಹೇಳಿಕೊಂಡ. ಮತ್ತೊಮ್ಮೆ ಹೇಳಿಕೊಂಡ. ಆಶ್ರಮಕ್ಕೆ ಬಂದಾಗಿನಿಂದ ಮೊಬೈಲ್ ಹಿಡಿದೇ ಕೂತವನ ಬಾಯಿಗೆ ಆ ಪ್ರಾರ್ಥನೆ ಬಂದದ್ದು ಅವತ್ತೇ ಮೊದಲು.

ಹೊಸ ಪಾಠ, ಕತ್ತರಿ ಮುಟ್ಟದೆ, ಸಾಂಗ್ಲಿಗೆ ಹೋಯಿತು. ಉಳಿದವರಿಗೂ ಅದನ್ನೇ ಹಾಕಿದ.

ಎರಡು ದಿನ ಸುದ್ದಿಯಿಲ್ಲ. ಅಡಿವೆಪ್ಪನಿಗೆ ಊಟ ಸೇರಲಿಲ್ಲ. ಗಳಿಗೆಗೊಮ್ಮೆ ಮೊಬೈಲ್ ನೋಡುವನು, ಶಿವಶಿವಾ ಎನ್ನುವನು.

ಮೂರನೆಯ ದಿನ ಮೆಸೇಜ್ ಬಂತು. ನಮಸ್ಕಾರವಿಲ್ಲ, ಮಾತಿಲ್ಲ. ನೇರ ಪ್ರಾರ್ಥನೆಯ ಮೊದಲ ನುಡಿ. ನಡುವೆ ಒಂದು ಕಡೆ ದನಿ ಎಡವಿತು. ತಾನೇ ಹಿಂದೆ ಬಂದು ಹಿಡಿದುಕೊಂಡಿತು. ಕೊನೆಯ ಸಾಲು ಮುಟ್ಟಿ ಪಾರ್ವತೆವ್ವ ನಕ್ಕಳು.

“ಬಂತ್ರಿ ಅಜ್ಜಾರ!”

ಅಡಿವೆಪ್ಪ ಅಲ್ಲೇ ಕೂತು ಕಣ್ಣೊರೆಸಿಕೊಂಡ. ಶಿವ ದೊಡ್ಡವನು.

ಆಮೇಲೆ ತಲೆ ಕೆರೆದುಕೊಳ್ಳುತ್ತ ಹೇಳಿದ: “ಆದ್ರ ಉಳಿದವರು ಬೈಯಾಕತ್ತಾರ್ರಿ. ‘ನಡುನಡುವ ಸದ್ದ ಹೋಗೈತಿ, ಸರಿ ಮಾಡಿ ಹಾಕ್ರಿ’ ಅಂತ ಕಮೆಂಟ್ ಮಾಡ್ಯಾರ. ಏನು ಬರೀಲ್ರಿ ಅಜ್ಜಾರ?”

ಅಜ್ಜಾರು ನಕ್ಕರು.

“ಖರೇ ಐತಿ, ಅಲ್ಲಿ ಒಂದು ದನಿ ಕಡಿಮಿ ಬಿದ್ದೈತಿ, ನಿಮ್ಮದು ಕೂಡಿಸ್ರಿ ಅಂತ ಬರಿ. ಕೇಳಿದವರನ್ನೆಲ್ಲ ಶಿವ ಚಲೋ ಇಟ್ಟಿರ್ಲಿ ಅಂತಾನೂ ಬರಿ.”